ಕಬ್ಬಿಣದ ಹಡಗಿಗೆ ತೇಗದ ಹಾಸು ಯಾಕೆ? (ಅಮೆರಿಕದ ಬ್ಯಾಟಲ್‌ಶಿಪ್‌ಗಳ ಬಗ್ಗೆ)

ತೇಗದ ಮನೆ:
ಹೋದ ತಿಂಗಳು ಅಪ್ಪ ಅಮ್ಮನನ್ನು ಹವಾಯಿಗೆ ಕರೆದುಕೊಂಡು ಹೋಗಿದ್ದೆ. ಪರ್ಲ್ ಹಾರ್ಬರಿನಲ್ಲಿ ಮಿಸೌರಿ ಹಡಗು ಹತ್ತಿದೆವು. 1945ರ ಸೆಪ್ಟೆಂಬರ್ 2ರಂದು ಜಪಾನಿನವರು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಇದರ ಮೇಲೆಯೇ. ಎಲ್ಲರೂ ಆ ಜಾಗದ ಫೋಟೋ ತೆಗೆಯುತ್ತಿದ್ದರು. ನಮ್ಮಪ್ಪ ಮಾತ್ರ ಡೆಕ್ಕಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಸವರುತ್ತಿದ್ದರು. ತೀರ್ಥಹಳ್ಳಿ ಕಡೆ ಮೂವತ್ತು ವರ್ಷ ಸಾಮಿಲ್ ನಡೆಸಿದವರು. "ಇದು ತೇಗ ಮಾರಾಯ. ಅಷ್ಟು ಕಬ್ಬಿಣ ಹಾಕಿ ಮೇಲೆ ಮರ ಯಾಕೆ ಹಾಸಿದ್ರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ಎರಡು ಸಲ ಕೇಳಿದ್ದಾರೆ.

ಜೊತೆಗೆ ನನ್ನದೂ ಎರಡು ಪ್ರಶ್ನೆ. ನಮ್ಮ ಪೇಪರಿನಲ್ಲಿ ಎಲ್ಲ ಹಡಗಿಗೂ "ಯುದ್ಧನೌಕೆ" ಅಂತಲೇ ಬರೀತಾರೆ. ಬ್ಯಾಟಲ್‌ಶಿಪ್ ಅಂದರೆ ಬೇರೆಯೇ ಜಾತಿಯಾ? ಇಷ್ಟು ದೊಡ್ಡ ಹಡಗುಗಳನ್ನು ಕಟ್ಟುವುದನ್ನೇ ಯಾಕೆ ಬಿಟ್ಟರು?

ಹಳೇ ಪೇಪರ್:
ಬೇರೆ ಜಾತಿಯೇ. ಸೈನ್ಯದ ಹಡಗೆಲ್ಲ ಯುದ್ಧನೌಕೆ. ಅದರಲ್ಲಿ ಅತಿ ದೊಡ್ಡ ಫಿರಂಗಿ ಮತ್ತು ಅತಿ ದಪ್ಪ ಉಕ್ಕಿನ ಕವಚ ಎರಡೂ ಇದ್ದದ್ದು ಬ್ಯಾಟಲ್‌ಶಿಪ್. ಇನ್ನೊಂದು ಬ್ಯಾಟಲ್‌ಶಿಪ್ ಜೊತೆ ಎದುರಾಬದುರಾ ನಿಂತು ಹೊಡೆದಾಡಲು ಕಟ್ಟಿದ್ದು. ಕನ್ನಡದಲ್ಲಿ ಇದಕ್ಕೊಂದು ಬೇರೆ ಪದ ಬಳಕೆಗೆ ಬರಲೇ ಇಲ್ಲ. ಹಾಗಾಗಿ ಬ್ಯಾಟಲ್‌ಶಿಪ್ ಅಂತಲೇ ಅನ್ನೋಣ.

ಸುಮ್ನೆ ಕೇಳ್ದೆ:
ಹಂಗಾದ್ರೆ ನಮ್ಮ ಐಎನ್ಎಸ್ ಮೈಸೂರು?

ಹಳೇ ಪೇಪರ್:
ಹಳೇ ಮೈಸೂರು ಕ್ರೂಸರ್, ಬ್ಯಾಟಲ್‌ಶಿಪ್‌ಗಿಂತ ಸಣ್ಣ ಜಾತಿ. ಬ್ರಿಟಿಷರ ನೈಜೀರಿಯಾ ಅನ್ನೋ ಹಡಗನ್ನು ತಗೊಂಡು 1957ರಲ್ಲಿ ಮೈಸೂರು ಅಂತ ಹೆಸರಿಟ್ಟರು. 6 ಇಂಚು ಬಾಯಿಯ ಫಿರಂಗಿ. ಮಿಸೌರಿಯದು 16 ಇಂಚು. ಸ್ವತಂತ್ರ ಭಾರತದ ಹತ್ತಿರ ಬ್ಯಾಟಲ್‌ಶಿಪ್ ಇರಲೇ ಇಲ್ಲ.

ಅಮೆರಿಕದವರ ಕಥೆ ಶುರುವಾಗುವುದು 1890ರ ದಶಕದಲ್ಲಿ. ಮೇನ್ ಮತ್ತು ಟೆಕ್ಸಾಸ್ ಎರಡೂ 1895ರಲ್ಲಿ ಸೇವೆಗೆ ಬಂದವು. ಎರಡೂ ಅರೆಬರೆ ಹಡಗುಗಳೇ. ಮೇನ್ 1898ರ ಫೆಬ್ರವರಿ 15ರ ರಾತ್ರಿ ಕ್ಯೂಬಾದ ಹವಾನಾ ಬಂದರಿನಲ್ಲಿ ಸಿಡಿದು ಮುಳುಗಿತು. 260ಕ್ಕೂ ಜಾಸ್ತಿ ಜನ ಸತ್ತರು. ಸ್ಪೇನಿನವರೇ ಸಿಡಿಸಿದರು ಅಂತ ಅಮೆರಿಕದ ಪತ್ರಿಕೆಗಳು ಬೊಬ್ಬೆ ಹೊಡೆದವು, ಯುದ್ಧವೂ ಆಯಿತು. 1976ರಲ್ಲಿ ಅಡ್ಮಿರಲ್ ರಿಕೋವರ್ ಕೂತು ಮತ್ತೆ ತನಿಖೆ ಮಾಡಿಸಿದಾಗ ಬೇರೆಯೇ ಅಭಿಪ್ರಾಯ ಬಂತು. ಕಲ್ಲಿದ್ದಲು ಕೋಣೆಯಲ್ಲಿ ತಾನಾಗಿಯೇ ಹತ್ತಿದ ಬೆಂಕಿ ಪಕ್ಕದ ಮದ್ದಿನ ಮನೆಗೆ ತಗುಲಿರಬೇಕು ಅಂತ. ಎಲ್ಲರೂ ಒಪ್ಪಿಲ್ಲ ಬಿಡಿ.

ಬಾಯ್ಲರ್ ಬಸಣ್ಣ:
ಒಪ್ಪದವರು ಕಲ್ಲಿದ್ದಲು ಕೋಣೆ ನೋಡಿಲ್ಲ ಅಂತ ಅರ್ಥ. ನಾನು ಸರಕು ಹಡಗಿನಲ್ಲಿ ಎಂಜಿನ್ ರೂಮ್ ಕೆಲಸ ಮಾಡಿ ನಿವೃತ್ತನಾದವನು. ಒಮ್ಮೆ ಕಲ್ಲಿದ್ದಲು ತುಂಬಿದ ಹೋಲ್ಡ್ ಒಳಗೊಳಗೇ ಬಿಸಿಯಾಗಿತ್ತು. ಹೊಗೆ ಇಲ್ಲ, ಉರಿ ಇಲ್ಲ. ಗೋಡೆಗೆ ಕೈಯಿಟ್ಟ ಹುಡುಗ "ಸಾಹೇಬ್ರ, ಇದು ಹಂಚಿನಂಗ ಕಾದೈತಿ" ಅಂದಾಗಲೇ ನಮಗೆ ತಿಳಿದದ್ದು. ಅಂಥ ಗೋಡೆಯ ಆಚೆ ಮದ್ದು ಇಟ್ಟರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ತೇಗದ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಎಲ್ಲರೂ ಫಿರಂಗಿ ಲೆಕ್ಕ ಹಾಕುತ್ತಾರೆ. ಈ ಹಡಗುಗಳ ರೂಪ ಬದಲಾಗಿದ್ದು ಜಾಸ್ತಿ ಕೆಳಗಡೆಯಿಂದ, ಒಲೆಯ ಕಡೆಯಿಂದ.

1907ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 16 ಬ್ಯಾಟಲ್‌ಶಿಪ್‌ಗಳಿಗೆ ಬಿಳಿ ಬಣ್ಣ ಬಳಿಸಿ ಪ್ರಪಂಚ ಸುತ್ತಿ ಬನ್ನಿ ಅಂತ ಕಳಿಸಿದ. 1908ರ ಡಿಸೆಂಬರಿನಲ್ಲಿ ಇವು ನಮ್ಮ ಪಕ್ಕದ ಕೊಲಂಬೋಗೂ ಬಂದಿದ್ದವು. 1909ರ ಫೆಬ್ರವರಿ 22ಕ್ಕೆ ಊರು ಮುಟ್ಟಿದವು. ನೋಡುವವರಿಗೆ ದೊಡ್ಡ ಮೆರವಣಿಗೆ. ಆದರೆ ಇಡೀ ದಾರಿ ಕಲ್ಲಿದ್ದಲು ತಂದುಕೊಟ್ಟದ್ದು ಬಹುಪಾಲು ವಿದೇಶಿ ಹಡಗುಗಳು, ಅದರಲ್ಲೂ ಬ್ರಿಟಿಷರವು. ಅವರು ಕೈ ಎತ್ತಿದ್ದರೆ ಈ ಮದುವೆ ದಿಬ್ಬಣ ನಡುದಾರಿಯಲ್ಲೇ ಕೂರಬೇಕಿತ್ತು. ಕಲ್ಲಿದ್ದಲು ತುಂಬುವ ದಿನ ಹಡಗಿನಲ್ಲಿ ಎಲ್ಲರೂ ಸಲಿಕೆ ಹಿಡಿಯಬೇಕು. ಮೈಯೆಲ್ಲ ಕರಿ, ಅನ್ನದಲ್ಲೂ ಕರಿ. ಬಿಳಿ ಬಣ್ಣದ ಹಡಗಿನ ಗತಿ ನೀವೇ ಯೋಚಿಸಿ.

ಲೆಕ್ಕದ ಮೇಷ್ಟ್ರು:
ಮೊದಮೊದಲ ಹಡಗುಗಳ ಇನ್ನೊಂದು ತಮಾಷೆ. ಬಿಬಿ-1 (ಒಂದನೇ ಬ್ಯಾಟಲ್‌ಶಿಪ್) ಅಂತ ನಂಬರ್ ಪಡೆದ ಇಂಡಿಯಾನಾದ ಫಿರಂಗಿ ಗೋಪುರಗಳಿಗೆ ಹಿಂದುಗಡೆ ಸಮತೂಕವೇ ಇರಲಿಲ್ಲ. ಎಲ್ಲ ಫಿರಂಗಿಗಳನ್ನೂ ಒಂದೇ ಪಕ್ಕಕ್ಕೆ ತಿರುಗಿಸಿದರೆ ಹಡಗೇ ಆ ಕಡೆ ವಾಲುತ್ತಿತ್ತು. ಒಂದೇ ಕಡೆ ಕೊಡ ಹೊತ್ತವರ ಸೊಂಟದ ಹಾಗೆ. 1896ರ ಒಂದು ಬಿರುಗಾಳಿಯಲ್ಲಿ ಗೋಪುರ ಕೊಂಡಿ ಕಿತ್ತುಕೊಂಡು ತನ್ನಷ್ಟಕ್ಕೆ ತಿರುಗಾಡತೊಡಗಿತ್ತು. ದಪ್ಪ ಹಗ್ಗ ಹಾಕಿ ಕಟ್ಟಿ ನಿಲ್ಲಿಸಿದರು.

ಸುಮ್ನೆ ಕೇಳ್ದೆ:
ಮದ ಬಂದ ಆನೆ ಥರ!

ಹಳೇ ಪೇಪರ್:
ಇಂಡಿಯಾನಾದ ತಂಗಿ ಓರೆಗಾನ್ ಬಗ್ಗೆ ಒಂದು ಮಾತು. 1898ರ ಯುದ್ಧ ಹತ್ತಿರ ಬಂದಾಗ ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿತ್ತು, ಜಗಳ ಕ್ಯೂಬಾದಲ್ಲಿ. ಪನಾಮಾ ಕಾಲುವೆ ಇನ್ನೂ ಇರಲಿಲ್ಲ. ಇಡೀ ದಕ್ಷಿಣ ಅಮೆರಿಕ ಸುತ್ತಿ ಫ್ಲೋರಿಡಾ ತಲುಪಲು 66 ದಿನ ಬೇಕಾಯಿತು. ಕಾಲುವೆ ಬೇಕೇ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲಿಲ್ಲ. 1914ರಲ್ಲಿ ಕಾಲುವೆ ತೆರೆಯಿತು. ಮುಂದೆ ಆ ಕಾಲುವೆಯೇ ಬ್ಯಾಟಲ್‌ಶಿಪ್‌ಗಳ ಸೊಂಟದ ಅಳತೆ ಹಿಡಿಯಿತು. ಅದರ ಲಾಕ್, ಅಂದರೆ ಹಡಗನ್ನು ಏರಿಸಿ ಇಳಿಸುವ ನೀರಿನ ತೊಟ್ಟಿ, 110 ಅಡಿ ಅಗಲ. ಮಿಸೌರಿಯ ಅಗಲ 108 ಅಡಿ ಚಿಲ್ಲರೆ. ಎರಡೂ ಪಕ್ಕ ಒಂದೊಂದು ಅಡಿಯೂ ಸರಿಯಾಗಿ ಉಳಿಯುವುದಿಲ್ಲ.

ತೇಗದ ಮನೆ:
ಅದಕ್ಕೇ ಅದು ಅಷ್ಟು ಉದ್ದ! ಮೂತಿಯಿಂದ ಬಾಲದವರೆಗೆ ನಡೆದು ಅಮ್ಮ ಸುಸ್ತಾದರು.

ಲೆಕ್ಕದ ಮೇಷ್ಟ್ರು:
887 ಅಡಿ, ಸುಮಾರು 270 ಮೀಟರ್. ಆದರೆ ಉದ್ದ ಬಂದದ್ದು ಮುಖ್ಯವಾಗಿ ವೇಗಕ್ಕೆ. ಮೊದಲನೇ ಮಹಾಯುದ್ಧದ ಹೊತ್ತಿನ ಅಮೆರಿಕದ ಬ್ಯಾಟಲ್‌ಶಿಪ್‌ಗಳು 21 ನಾಟ್ (ಗಂಟೆಗೆ ಸುಮಾರು 39 ಕಿಲೋಮೀಟರ್) ಓಡಿದರೆ ಹೆಚ್ಚು. ಮಿಸೌರಿ ಸೇರಿದ ಅಯೋವಾ ವರ್ಗದವು 33 ನಾಟ್. ವಿಮಾನವಾಹಕಗಳ ಜೊತೆ ಹೆಜ್ಜೆ ಹಾಕಲು ಅಷ್ಟು ಬೇಕಿತ್ತು. ಅಗಲ ಮಾಡುವ ಹಾಗಿಲ್ಲ, ತೂಕ ಇಳಿಸುವ ಹಾಗಿಲ್ಲ. ಉದ್ದ ಎಳೆದರು, 2 ಲಕ್ಷ 12 ಸಾವಿರ ಅಶ್ವಶಕ್ತಿ ತುಂಬಿದರು. ಕಾಲುವೆಯ ಹಂಗು ಬಿಟ್ಟು ಅಗಲವಾಗಿ ಕಟ್ಟಲು ಹೊರಟದ್ದು ಮೊಂಟಾನಾ ವರ್ಗ. ಐದು ಹಡಗುಗಳ ಯೋಜನೆ. 1943ರಲ್ಲಿ ರದ್ದಾಯಿತು, ಒಂದೂ ಕಟ್ಟಲಿಲ್ಲ.

ಬಾಯ್ಲರ್ ಬಸಣ್ಣ:
ಮೇಷ್ಟ್ರು ಒಂದೇ ಸಲ 1943ಕ್ಕೆ ಹಾರಿಬಿಟ್ಟರು. ನಡುವೆ ನನ್ನ ಪ್ರೀತಿಯ ಹಡಗುಗಳಿವೆ.

1906ರಲ್ಲಿ ಬ್ರಿಟಿಷರು ಡ್ರೆಡ್‌ನಾಟ್ ಕಟ್ಟಿ ಎಲ್ಲರ ನಿದ್ದೆ ಕೆಡಿಸಿದರು. ಸಣ್ಣ ಫಿರಂಗಿಗಳ ಸಂತೆ ಇಲ್ಲ, ದೊಡ್ಡವು ಮಾತ್ರ, ಕೆಳಗೆ ಟರ್ಬೈನು. ಆದರೆ ದೊಡ್ಡ ಫಿರಂಗಿಗಳದ್ದೇ ಹಡಗು ಮಾಡೋಣ ಅಂತ ಅಮೆರಿಕದವರು ಆಗಲೇ ನಕ್ಷೆ ಹಾಕುತ್ತಿದ್ದರು. ಅದು ಸೌತ್ ಕೆರೊಲಿನಾ. ನಿಧಾನವಾಗಿ ಕಟ್ಟಿ 1910ಕ್ಕೆ ಸೇವೆಗೆ ತಂದರು, ಹೆಸರು ಡ್ರೆಡ್‌ನಾಟ್‌ಗೇ ಹೋಯಿತು. ಅದರಲ್ಲಿ ಒಂದು ಗೋಪುರದ ಹಿಂದೆ ಇನ್ನೊಂದನ್ನು ಎತ್ತರದಲ್ಲಿ ಕೂರಿಸಿದ್ದರು, ಸಿನಿಮಾ ಟಾಕೀಸಿನ ಸೀಟುಗಳ ಹಾಗೆ. ಹಿಂದಿನದು ಮುಂದಿನದರ ತಲೆ ಮೇಲಿಂದ ಹೊಡೆಯುತ್ತದೆ. ಆಮೇಲೆ ಎಲ್ಲ ದೇಶದವರೂ ಅದನ್ನೇ ಹಿಡಿದರು.

ಇನ್ನು 1914ರ ಟೆಕ್ಸಾಸ್, ಅದೇ ಹೆಸರಿನ ಎರಡನೆಯ ಹಡಗು. ಅಷ್ಟು ಹೊತ್ತಿಗೆ ಟರ್ಬೈನು ಬಂದಿತ್ತು. ಆದರೂ ಇವರು ಇದಕ್ಕೆ ಹಳೆ ಪಿಸ್ಟನ್ ಎಂಜಿನ್ನೇ ಹಾಕಿದರು. ದಡ್ಡತನ ಅಲ್ಲ. ಆಗಿನ ಟರ್ಬೈನು ನಿಧಾನದ ಓಟದಲ್ಲಿ ಕಲ್ಲಿದ್ದಲು ನುಂಗುತ್ತಿತ್ತು. ಪೆಸಿಫಿಕ್ ಸಾಗರ ದಾಟಬೇಕಾದವರಿಗೆ ಅದು ಕಟ್ಟುವುದಿಲ್ಲ. ಎರಡು ಮಹಾಯುದ್ಧ ನೋಡಿದ ಆ ಎಂಜಿನ್ ಇವತ್ತಿಗೂ ಆ ಹಡಗಿನಲ್ಲೇ ಇದೆ. ಪಿಸ್ಟನ್ ರಾಡುಗಳು ನನಗಿಂತ ಎತ್ತರ.

ಮುಂದಿನದು ನೆವಾಡಾ, 1916. ಪೂರ್ತಿ ಎಣ್ಣೆ ಉರಿಸುವ ಮೊದಲ ಅಮೆರಿಕನ್ ಬ್ಯಾಟಲ್‌ಶಿಪ್. ಸಲಿಕೆ ಹಿಡಿಯುವ ಕಾಲ ಮುಗಿಯಿತು.

ಹಳೇ ಪೇಪರ್:
ನೆವಾಡಾದ ಕವಚ ಮರೆತಿರಿ ಬಸಣ್ಣ. ಅದೇ ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಹಡಗಿನ ಮೈಗೆಲ್ಲ ಇಷ್ಟಿಷ್ಟು ಉಕ್ಕು ಹಚ್ಚುತ್ತಿದ್ದರು. ದೊಡ್ಡ ಗುಂಡು ಬಿದ್ದರೆ ತೆಳು ಉಕ್ಕು ಹೇಗೂ ತಡೆಯಲ್ಲ. ಮನೆಯ ಗೋಡೆಗೆಲ್ಲ ತಗಡು ಹೊಡೆಯುವ ಬದಲು ಒಡವೆ ಇಡಲು ಒಂದು ತಿಜೋರಿ ಮಾಡಿಸಿದ ಹಾಗೆ ಇವರು ಮಾಡಿದರು. ಎಂಜಿನ್, ಮದ್ದಿನ ಮನೆ, ಫಿರಂಗಿ, ಚುಕ್ಕಾಣಿ. ಇವಕ್ಕೆ ಎಷ್ಟು ಸಾಧ್ಯವೋ ಅಷ್ಟು ದಪ್ಪ ಉಕ್ಕು. ಉಳಿದ ಕಡೆ ಏನೂ ಇಲ್ಲ. ಬಿದ್ದರೆ ಬೀಳಲಿ.

ನೆವಾಡಾದ ಆಯಸ್ಸು ನೋಡಿ. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಎರಗಿದಾಗ ಪರ್ಲ್ ಹಾರ್ಬರಿನಲ್ಲಿ ಎಂಟು ಬ್ಯಾಟಲ್‌ಶಿಪ್ ಇದ್ದವು. ಬಾಂಬ್ ಬೀಳುತ್ತಿರುವಾಗಲೇ ಹೊರಟದ್ದು ಇದೊಂದೇ. ಏಟು ತಿಂದು ದಡಕ್ಕೆ ಒರಗಿತು. ರಿಪೇರಿಯಾಗಿ 1944ರಲ್ಲಿ ನಾರ್ಮಂಡಿಗೆ ಹೋಯಿತು. 1946ರಲ್ಲಿ ಬಿಕಿನಿ ದ್ವೀಪದಲ್ಲಿ ಅಣುಬಾಂಬ್ ಪರೀಕ್ಷೆಗೆ ಬಣ್ಣ ಬಳಿದು ಗುರಿಯಾಗಿ ನಿಲ್ಲಿಸಿದರು. ಎರಡು ಅಣುಬಾಂಬಿಗೂ ಮುಳುಗಲಿಲ್ಲ. ಕಡೆಗೆ 1948ರಲ್ಲಿ ತಮ್ಮವರೇ ಫಿರಂಗಿ, ಟಾರ್ಪೆಡೋ ಹೊಡೆದು ಮುಳುಗಿಸಿದರು. ನನಗಂತೂ ಇದು ಓದಿದಾಗೆಲ್ಲ ಕೋಪ ಬರುತ್ತದೆ.

ಕಾರವಾರ ಕಡಲು:
ಎಲ್ಲ ಸರಿ. ಆದರೆ ಪರ್ಲ್ ಹಾರ್ಬರಿನಲ್ಲೇ ಬ್ಯಾಟಲ್‌ಶಿಪ್ ಕಥೆ ಮುಗಿಯಿತು ಅಲ್ವಾ? ವಿಮಾನದ ಮುಂದೆ ಇದೇನು? ಅಲ್ಲಿ ಅರಿಜೋನಾ ಹಡಗು ಒಂದರಲ್ಲೇ 1,177 ಜನ ಹೋದರು. 1921ರಲ್ಲೇ ಅಮೆರಿಕದ ಸೇನೆಯ ವಿಮಾನದಳದ ಅಧಿಕಾರಿ ಬಿಲ್ಲಿ ಮಿಚೆಲ್ ಜರ್ಮನಿಯ ಓಸ್ಟ್‌ಫ್ರೀಸ್‌ಲ್ಯಾಂಡ್ ಹಡಗನ್ನು ವಿಮಾನದಿಂದ ಬಾಂಬ್ ಹಾಕಿ ಮುಳುಗಿಸಿ ತೋರಿಸಿದ್ದ. ಕೇಳಿದವರು ಯಾರು?

ಹಳೇ ಪೇಪರ್:
ಮಿಚೆಲ್ ಮುಳುಗಿಸಿದ್ದು ಲಂಗರು ಹಾಕಿ ನಿಂತ ಹಡಗು. ಒಳಗೆ ನೀರು ಹೊರಹಾಕಲು ಒಬ್ಬನೂ ಇರಲಿಲ್ಲ. ಹಾಗಂತ ಅವನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕಟ್ಟುವುದು ಮೊದಲ ಸಲ ನಿಂತದ್ದು ಕಾಗದದಿಂದ. 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಹಡಗಿಗೆ 35,000 ಟನ್, ಫಿರಂಗಿಗೆ 16 ಇಂಚು ಅಂತ ಮಿತಿ ಹಾಕಿದರು. ಅರ್ಧ ಕಟ್ಟಿದ್ದರಲ್ಲಿ ಬಹುಪಾಲನ್ನು ಕೈಬಿಟ್ಟರು. ಅದರಲ್ಲಿ ಎರಡನ್ನು ಉಳಿಸಿ ಲೆಕ್ಸಿಂಗ್ಟನ್, ಸಾರಟೋಗಾ ಅನ್ನುವ ವಿಮಾನವಾಹಕ ಮಾಡಿದರು. ಮುಂದೆ ತಮ್ಮ ಜಾಗ ಕಿತ್ತುಕೊಂಡ ಹಡಗುಗಳಿಗೆ ಮೈಕೊಟ್ಟದ್ದು ಇವೇ ದೊಡ್ಡ ಫಿರಂಗಿಯ ಹಡಗುಗಳು.

ಪರ್ಲ್ ಹಾರ್ಬರಿನಲ್ಲಿ ಮುಗಿಯಿತು ಅನ್ನೋದನ್ನು ನಾನು ಒಪ್ಪಲ್ಲ. ವೆಸ್ಟ್ ವರ್ಜೀನಿಯಾ ಅಲ್ಲೇ ಮುಳುಗಿ ಕೂತಿತ್ತು. ತಿಂಗಳುಗಟ್ಟಲೆ ಆದ ಮೇಲೆ ಎತ್ತಿದಾಗ ಒಳಗಿನ ಒಂದು ಕೋಣೆಯಲ್ಲಿ ಮೂವರ ಶವ ಸಿಕ್ಕಿತು. ಪಕ್ಕದಲ್ಲಿ ಒಂದು ಕ್ಯಾಲೆಂಡರ್. ಡಿಸೆಂಬರ್ 7ರಿಂದ 23ರವರೆಗೆ ಗೀಟು ಹಾಕಿದ್ದರು. ಅದೇ ಹಡಗನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿ ಹೊಸ ರೇಡಾರ್ ಕೂರಿಸಿದರು. 1944ರ ಅಕ್ಟೋಬರ್ 25ರ ನಸುಕಿನಲ್ಲಿ ಫಿಲಿಪ್ಪೀನ್ಸಿನ ಸುರಿಗಾವೊ ಜಲಸಂಧಿಯಲ್ಲಿ ಆರು ಅಮೆರಿಕನ್ ಬ್ಯಾಟಲ್‌ಶಿಪ್ ಸಾಲಾಗಿ ನಿಂತಿದ್ದವು. ಆರರಲ್ಲಿ ಐದು ಪರ್ಲ್ ಹಾರ್ಬರಿನಲ್ಲಿ ಏಟು ತಿಂದವು. ಕತ್ತಲೆಯಲ್ಲಿ ಸುಮಾರು 21 ಕಿಲೋಮೀಟರ್ ದೂರದಿಂದ ಮೊದಲು ಗುಂಡು ಹಾರಿಸಿದ್ದು ವೆಸ್ಟ್ ವರ್ಜೀನಿಯಾ. ಜಪಾನಿನ ಯಮಾಶಿರೋ ಮುಳುಗಿತು. ಬ್ಯಾಟಲ್‌ಶಿಪ್‌ಗೆ ಬ್ಯಾಟಲ್‌ಶಿಪ್ ಎದುರಾಗಿ ಹೊಡೆದದ್ದು ಪ್ರಪಂಚದಲ್ಲೇ ಅದು ಕೊನೆ.

ಸುಮ್ನೆ ಕೇಳ್ದೆ:
ಆ ಕ್ಯಾಲೆಂಡರ್ ವಿಷಯ ಓದಿ ಮುಂದಕ್ಕೆ ಹೋಗಲು ಆಗಲಿಲ್ಲ.

ಕಾರವಾರ ಕಡಲು:
ಸುರಿಗಾವೊ ಒಪ್ಪಿದೆ. ಆದರೆ ಅದು ರಾತ್ರಿಯಲ್ಲವಾ? ಹಗಲಾಗಿದ್ದರೆ ವಿಮಾನ ಬರುತ್ತಿತ್ತು. 1945ರ ಏಪ್ರಿಲಿನಲ್ಲಿ ಜಪಾನಿನ ಯಮಾಟೊಗೆ ಆದದ್ದು ಅದೇ. ಎಲ್ಲಕ್ಕಿಂತ ದೊಡ್ಡ ಬ್ಯಾಟಲ್‌ಶಿಪ್, ಮಧ್ಯಾಹ್ನದ ಊಟದ ಹೊತ್ತಿಗೆ ಶುರುವಾಗಿ ಕಾಫಿ ಹೊತ್ತಿಗೆ ಮುಗಿದೇಹೋಯಿತು.

ಹಳೇ ಪೇಪರ್:
ಈ ಪಾಯಿಂಟ್ ನಿಮಗೆ.

ಲೆಕ್ಕದ ಮೇಷ್ಟ್ರು:
ಯಮಾಟೊ, ಅಯೋವಾ ಎದುರಾಗಿದ್ದರೆ ಯಾರು ಗೆಲ್ತಿದ್ದರು ಅಂತ ಯಾರಾದರೂ ಕೇಳುವ ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ.

16 ಇಂಚಿನ ಒಂದು ಭಾರಿ ಗುಂಡು 1,225 ಕೆಜಿ. 50 ಕೆಜಿ ಅಕ್ಕಿಯ 24 ಮೂಟೆ ಒಟ್ಟಿಗೆ ಕಟ್ಟಿದಷ್ಟು. ಅದನ್ನು ತಳ್ಳಲು ಆರು ಚೀಲ ಮದ್ದು. ಒಂದೊಂದು ಚೀಲ 50 ಕೆಜಿ. ಚೀಲ ರೇಷ್ಮೆಯದು. ರೇಷ್ಮೆ ಪೂರ್ತಿ ಸುಟ್ಟುಹೋಗುತ್ತದೆ, ಕಿಡಿ ಉಳಿಯುವುದಿಲ್ಲ. ಕಿಡಿ ಉಳಿದರೆ ಮುಂದಿನ ಚೀಲ ತುಂಬುವವರ ಗತಿ ಮುಗಿಯಿತು.

ಗುಂಡು 38 ಕಿಲೋಮೀಟರ್ ಹೋಗುತ್ತದೆ. ಅಷ್ಟು ದೂರ ಮುಟ್ಟಲು ಹೆಚ್ಚುಕಡಿಮೆ ಒಂದೂವರೆ ನಿಮಿಷ. ಅಷ್ಟರಲ್ಲಿ ಎದುರಿನ ಹಡಗು ಒಂದು ಕಿಲೋಮೀಟರಿಗಿಂತ ಜಾಸ್ತಿ ಸರಿದಿರುತ್ತದೆ. ನಮ್ಮ ಹಡಗೂ ಓಡುತ್ತಿದೆ, ಉರುಳಾಡುತ್ತಿದೆ. ಗಾಳಿ ಬೇರೆ. ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆ. ರೇಂಜ್‌ಕೀಪರ್ ಅಂತ. ಅದರೊಳಗೆ ಚಿಪ್ ಇಲ್ಲ. ಹಲ್ಲಿನ ಚಕ್ರಗಳು, ಕ್ಯಾಮುಗಳು. ತಿರುಗುವ ತಟ್ಟೆಯ ಮೇಲೆ ಒಂದು ಚೆಂಡು. ಚೆಂಡು ತಟ್ಟೆಯ ನಡುವಿದ್ದರೆ ಅದಕ್ಕೆ ಅಂಟಿದ ಉರುಳೆ ತಿರುಗಲ್ಲ. ಅಂಚಿಗೆ ಹೋದಷ್ಟೂ ಜೋರಾಗಿ ತಿರುಗುತ್ತದೆ. ಅಷ್ಟೇ. ಅದೇ ಇಂಟಿಗ್ರೇಷನ್! ಪಿಯುಸಿ ಮಕ್ಕಳಿಗೆ ನಾನು ಒಂದು ತಿಂಗಳು ಹೇಳಿಕೊಡುವುದನ್ನು ಒಂದು ಚೆಂಡು ಮಾಡಿ ತೋರಿಸುತ್ತದೆ. 1980ರ ದಶಕದಲ್ಲಿ ಇದನ್ನು ತೆಗೆದು ಕಂಪ್ಯೂಟರ್ ಹಾಕಬಹುದಿತ್ತು. ಹಾಕಲಿಲ್ಲ. ಇದೇ ಚೆನ್ನಾಗಿದೆ ಅಂತ ಬಿಟ್ಟರು. 1991ರ ಕೊಲ್ಲಿ ಯುದ್ಧದಲ್ಲೂ ಮಿಸೌರಿ ಲೆಕ್ಕ ಹಾಕಿದ್ದು ಹಲ್ಲಿನ ಚಕ್ರದಲ್ಲೇ.

ಕಾರವಾರ ಕಡಲು:
ರೇಷ್ಮೆ ಚೀಲ ಅಂತ ಓದಿದ ತಕ್ಷಣ ರಾಮನಗರದಲ್ಲಿರುವ ನನ್ನ ಭಾವನಿಗೆ ಕಳಿಸಿದೆ. "ಕೆಜಿಗೆ ಎಷ್ಟು ಕೊಡ್ತಿದ್ರಂತೆ?" ಅಂತ ಕೇಳಿದ್ದಾನೆ.

ತೇಗದ ಮನೆ:
1991? 1945ರ ಹಡಗು ಅಷ್ಟು ದಿನ ಓಡಿತಾ?

ಹಳೇ ಪೇಪರ್:
ಬಿಟ್ಟು ಬಿಟ್ಟು. ಅಯೋವಾ ವರ್ಗದಲ್ಲಿ ನಾಲ್ಕು ಹಡಗು: ಅಯೋವಾ, ನ್ಯೂಜೆರ್ಸಿ, ಮಿಸೌರಿ, ವಿಸ್ಕಾನ್ಸಿನ್. ಕೊರಿಯಾ ಯುದ್ಧಕ್ಕೆ ನಾಲ್ಕೂ ಹೋದವು. ಆಮೇಲೆ ಮೂಲೆಗೆ. 1968ರಲ್ಲಿ ನ್ಯೂಜೆರ್ಸಿ ಒಂದನ್ನೇ ಎಬ್ಬಿಸಿ ವಿಯೆಟ್ನಾಂಗೆ ಕಳಿಸಿದರು, ಮುಂದಿನ ವರ್ಷವೇ ಮಲಗಿಸಿದರು. ರೇಗನ್ ಅಧ್ಯಕ್ಷನಾಗಿ ಬಂದ ಮೇಲೆ 600 ಹಡಗಿನ ನೌಕಾಪಡೆ ಬೇಕು ಅಂತ ನಾಲ್ಕನ್ನೂ ಒಂದೊಂದಾಗಿ ಎಬ್ಬಿಸಿದರು. ಒಂದೊಂದರಲ್ಲೂ 32 ಟೊಮಾಹಾಕ್ ಕ್ಷಿಪಣಿ ಕೂರಿಸಿದರು. ಕೊಲ್ಲಿ ಯುದ್ಧದಲ್ಲಿ ವಿಸ್ಕಾನ್ಸಿನ್ ಗುರಿ ನೋಡಲು ಕಳಿಸಿದ ಪುಟ್ಟ ಡ್ರೋನಿಗೇ ಕುವೈತಿನ ಫೈಲಾಕಾ ದ್ವೀಪದ ಇರಾಕಿ ಸೈನಿಕರು ಬಿಳಿ ಬಟ್ಟೆ ಬೀಸಿದರು. ಡ್ರೋನ್ ಬಂತು ಅಂದರೆ ಹಿಂದೆಯೇ ಏನು ಬರುತ್ತದೆ ಅಂತ ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಬಾಯ್ಲರ್ ಬಸಣ್ಣ:
ಅದೇ ಹೊತ್ತಿನ ಅಯೋವಾ ವಿಷಯವನ್ನೂ ಹೇಳಬೇಕು. 1989ರ ಏಪ್ರಿಲ್ 19. ಎರಡನೇ ಗೋಪುರದ ನಡುವಿನ ಫಿರಂಗಿಗೆ ಮದ್ದು ತುಂಬುವಾಗ ಸಿಡಿಯಿತು. 47 ಜನ. ನೌಕಾಪಡೆಯ ಮೊದಲ ತನಿಖೆ ಸತ್ತ ನಾವಿಕನೊಬ್ಬನ ತಲೆಗೇ ಕಟ್ಟಿತು, ಬೇಕೆಂದೇ ಮಾಡಿದ ಅಂತ. ಆಮೇಲೆ ಸ್ಯಾಂಡಿಯಾ ಪ್ರಯೋಗಾಲಯದವರು ಪರೀಕ್ಷೆ ಮಾಡಿದರು. ಚೀಲಗಳನ್ನು ಜೋರಾಗಿ, ಜಾಸ್ತಿ ಒಳಕ್ಕೆ ತಳ್ಳಿದರೂ ಹತ್ತಿಕೊಳ್ಳಬಹುದು ಅಂತ ತೋರಿಸಿದರು. 1991ರಲ್ಲಿ ನೌಕಾಪಡೆಯವರು ಆ ನಾವಿಕನ ಮನೆಯವರ ಕ್ಷಮೆ ಕೇಳಿದರು.

ಕಡಲು ಅವರೇ, ಬ್ಯಾಟಲ್‌ಶಿಪ್ ಕೊಂದದ್ದು ವಿಮಾನ ಅಂತೀರಿ. ಅರ್ಧ ಸರಿ. ಇನ್ನರ್ಧ ನಮ್ಮಂಥವರು. 1980ರ ದಶಕದಲ್ಲೂ ಒಂದು ಹಡಗಿಗೆ 1,500 ಜನ ಬೇಕಿತ್ತು. ಎಂಟು ಬಾಯ್ಲರ್. ಅಂಥ ಬಾಯ್ಲರ್ ಗೊತ್ತಿದ್ದವರು ನಿವೃತ್ತರಾಗಿದ್ದರು. ಫಿರಂಗಿಯ ಬಿಡಿಭಾಗ ಮಾಡುವ ಕಾರ್ಖಾನೆ ಇಲ್ಲ. ಮದ್ದು ಹಳೇ ದಾಸ್ತಾನು. 38 ಕಿಲೋಮೀಟರಿಗೆ ಅಷ್ಟೆಲ್ಲ ಮಾಡುವ ಬದಲು ಸಾವಿರ ಕಿಲೋಮೀಟರ್ ಹೋಗುವ ಕ್ಷಿಪಣಿಯನ್ನು ಸಣ್ಣ ಹಡಗಿನಿಂದಲೇ ಬಿಡಬಹುದು. ಲೆಕ್ಕ ಕೂಡಲಿಲ್ಲ.

ಕಾರವಾರ ಕಡಲು:
ಸಣ್ಣ ಹಡಗು ಅಂದಿರಿ. ನಮ್ಮೂರ ಟಾಗೋರ್ ಬೀಚಿನಲ್ಲಿ ಐಎನ್ಎಸ್ ಚಪಲ್ ಅನ್ನುವ ಕ್ಷಿಪಣಿ ದೋಣಿ ಇಟ್ಟಿದ್ದಾರೆ, ನೋಡಿದ್ದೀರಾ? 40 ಮೀಟರ್ ಕೂಡ ಇಲ್ಲ. 1971ರಲ್ಲಿ ಇದೇ ಜಾತಿಯ ನಿರ್ಘಾತ್ ಕರಾಚಿ ಹತ್ತಿರ ಪಾಕಿಸ್ತಾನದ ಖೈಬರ್ ಅನ್ನುವ, ತನಗಿಂತ ಎಷ್ಟೋ ದೊಡ್ಡ ಡಿಸ್ಟ್ರಾಯರ್ ಹಡಗನ್ನು ಕ್ಷಿಪಣಿ ಹೊಡೆದು ಮುಳುಗಿಸಿತು. ಫಿರಂಗಿ ಜಗಳ ಅಲ್ಲವೇ ಅಲ್ಲ. ಚಪಲ್ ಒಳಗೆ ಹೋದರೆ ತಲೆ ಬಗ್ಗಿಸಿಕೊಂಡೇ ನಡೆಯಬೇಕು. ನಾನು ಎರಡು ಸಲ ತಲೆ ಚಚ್ಚಿಕೊಂಡಿದ್ದೇನೆ.

ತೇಗದ ಮನೆ:
ಎಲ್ಲ ಓದಿ ಖುಷಿಯಾಯಿತು. ಆದರೆ ಅಪ್ಪ ಪಕ್ಕದಲ್ಲೇ ಕೂತಿದ್ದಾರೆ. ತೇಗ?

ಬಾಯ್ಲರ್ ಬಸಣ್ಣ:
ಅಯ್ಯೋ, ಮರೆತೇಬಿಟ್ಟಿದ್ದೆ. ಬರೀ ಉಕ್ಕಿನ ಡೆಕ್ ಬಿಸಿಲಿಗೆ ಬಿಟ್ಟರೆ ದೋಸೆ ಹುಯ್ಯಬಹುದು. ಅದರ ಕೆಳಗೇ ಜನ ಮಲಗಬೇಕು. ಮರ ಹಾಸಿದರೆ ಆ ಕಾವು ಕೆಳಗೆ ಇಳಿಯಲ್ಲ. ಎರಡನೆಯದು, ಒದ್ದೆ ಉಕ್ಕಿನ ಮೇಲೆ ಕಾಲು ಜಾರುತ್ತದೆ, ಒದ್ದೆ ತೇಗದ ಮೇಲೆ ಜಾರಲ್ಲ. ತೇಗವೇ ಯಾಕೆ ಅಂತ ನಿಮ್ಮಪ್ಪನವರಿಗೆ ನಾನು ಹೇಳಬೇಕಾ? ಎಣ್ಣೆ ಇರುವ ಮರ, ಉಪ್ಪುನೀರಿಗೆ ಬೇಗ ಕೊಳೆಯಲ್ಲ. ಯುದ್ಧದ ಕಾಲದಲ್ಲಿ ಈ ಚೆಂದದ ಮರಕ್ಕೂ ಕಡುನೀಲಿ ಬಣ್ಣ ಬಳಿದಿದ್ದರು, ಮೇಲಿನ ವಿಮಾನಕ್ಕೆ ಹಡಗು ಕಾಣದಿರಲಿ ಅಂತ.

ತೇಗದ ಮನೆ:
ಓದಿ ಹೇಳಿದೆ. "ತೇಗಕ್ಕೆ ಬಣ್ಣ ಬಳಿದ್ರಾ?" ಅಂತ ಬೇಜಾರು ಮಾಡಿಕೊಂಡರು. ಉಳಿದದ್ದೆಲ್ಲ ಒಪ್ಪಿಗೆಯಾಯಿತು.

ಇನ್ನೊಂದು ಕೇಳಬೇಕಿತ್ತು. ಡಿಸೆಂಬರಿಗೆ ಅಕ್ಕನ ಮನೆಗೆ ಹೂಸ್ಟನ್‌ಗೆ ಹೋಗುತ್ತೇವೆ. ಬಸಣ್ಣ ಹೇಳಿದ ಟೆಕ್ಸಾಸ್ ಹಡಗು ಅಲ್ಲೇ ಹತ್ತಿರ ಅಲ್ವಾ?

ಹಳೇ ಪೇಪರ್:
ಹತ್ತಿರವೇ. 1948ರಿಂದ ಸ್ಯಾನ್ ಜಸಿಂಟೋದಲ್ಲಿತ್ತು, ಮ್ಯೂಸಿಯಂ ಆದ ಮೊದಲ ಅಮೆರಿಕನ್ ಬ್ಯಾಟಲ್‌ಶಿಪ್. ತಳ ತುಕ್ಕು ಹಿಡಿದು ನೀರು ಜಿನುಗುತ್ತಿತ್ತು. 2022ರ ಆಗಸ್ಟಿನಲ್ಲಿ ಗ್ಯಾಲ್ವೆಸ್ಟನ್ನಿಗೆ ಎಳೆದುಕೊಂಡು ಹೋಗಿ ಡ್ರೈ ಡಾಕಿನಲ್ಲಿ ಕೂರಿಸಿ ತಳ ಸರಿಮಾಡಿದರು. ಹೊರಡುವ ಮೊದಲು ಒಳಗೆ ಬಿಡುತ್ತಿದ್ದಾರಾ ಅಂತ ವಿಚಾರಿಸಿಕೊಳ್ಳಿ.

ಹೋದರೆ ಪಕ್ಕದ ಉಬ್ಬು ನೋಡಿ. ಟಾರ್ಪೆಡೋ ತಡೆಯಲು ಮಾಡಿದ ಟೊಳ್ಳು ಅದು. 1944ರ ಜೂನ್ 15ರಂದು ನಾರ್ಮಂಡಿಯಲ್ಲಿ ಶತ್ರು ತುಂಬಾ ಒಳಕ್ಕೆ ಸರಿದಿದ್ದ, ಫಿರಂಗಿ ಅಷ್ಟು ಮೇಲಕ್ಕೆ ಏಳುತ್ತಿರಲಿಲ್ಲ. ಆಗ ಒಂದು ಪಕ್ಕದ ಟೊಳ್ಳಿಗೆ ತಾವೇ ನೀರು ತುಂಬಿ ಇಡೀ ಹಡಗನ್ನು ಎರಡು ಡಿಗ್ರಿ ವಾಲಿಸಿ ಹೊಡೆದರು.

ಲೆಕ್ಕದ ಮೇಷ್ಟ್ರು:
ಇಂಡಿಯಾನಾ ವಾಲಿದರೆ ತಪ್ಪು, ಟೆಕ್ಸಾಸ್ ವಾಲಿದರೆ ಜಾಣತನ!

ಬಾಯ್ಲರ್ ಬಸಣ್ಣ:
ಎಂಜಿನ್ ರೂಮಿಗೆ ಬಿಟ್ಟರೆ ಪಿಸ್ಟನ್ ರಾಡಿನ ಫೋಟೋ ಹಾಕಿ. ಪಕ್ಕದಲ್ಲಿ ಅಪ್ಪನವರನ್ನು ನಿಲ್ಲಿಸಿ ತೆಗೆಯಿರಿ, ಅಳತೆ ಗೊತ್ತಾಗಲಿ.

ತೇಗದ ಮನೆ:
ನಿಲ್ಲಿಸಬಹುದು ಬಸಣ್ಣ. ಅಲ್ಲೂ ಡೆಕ್ ಮೇಲಿಂದ ಎಬ್ಬಿಸಿ ಕರೆತರೋದೇ ಕಷ್ಟ.